ಮಣ್ಣಿನ ಹಿತ್ತಲಲ್ಲಿ ತಿಂಗಳುಗಟ್ಟಲೆ ನಿಂತ ಅಂಬಾಸಿಡರ್: ದೋಷವನ್ನು ನೆಲದಿಂದ ಹುಡುಕುವ ಕ್ರಮ

ಬಾಡಿಗೆ ಮನೆಯ ಮಣ್ಣಿನ ಅಂಗಳದಲ್ಲಿ ಹಳೆಯ ಕಾರನ್ನು ಕೆಲವು ತಿಂಗಳು ನಿಲ್ಲಿಸಿ, ಮತ್ತೆ ಹೊರಡಿಸಲು ಹೋದಾಗ ಅದು ಜಪ್ಪಯ್ಯ ಅಂದರೂ ಅಲುಗಾಡದಿದ್ದರೆ ಏನನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದಷ್ಟೇ ಈ ಕೈಪಿಡಿಯ ವಿಷಯ. ನನ್ನ ಗಾಡಿ 1984ರ ಮಾರ್ಕ್ 4 ಅಂಬಾಸಿಡರ್. 1489 ಸಿಸಿ ಪೆಟ್ರೋಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಕಾರ್ಬೊರೇಟರ್, ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್. ತುಮಕೂರಿನ ಕ್ಯಾತ್ಸಂದ್ರದ ಬಾಡಿಗೆ ಮನೆಯೊಂದರ ಹಿತ್ತಲಿನಲ್ಲಿ, ಎರಡು ತೆಂಗಿನ ಮರಗಳ ನಡುವಿನ ಕೆಮ್ಮಣ್ಣಿನ ಮೇಲೆ, ಒಂದು ವರ್ಷ ಮೃಗಶಿರ ಮಳೆ ಹಿಡಿದಾಗಿನಿಂದ ಸ್ವಾತಿ ಮಳೆ ಮುಗಿಯುವವರೆಗೆ ಅದು ನಿಂತಿತ್ತು. ಪ್ರೀಮಿಯರ್ ಪದ್ಮಿನಿಯಂಥ ಅದೇ ಕಾಲದ ಇತರ ಗಾಡಿಗಳಿಗೂ ಇಲ್ಲಿನ ಬಹುಪಾಲು ಮಾತು ಹೊಂದುತ್ತದೆ. ಕಂಪ್ಯೂಟರ್ ಇರುವ ಈಗಿನ ಕಾರುಗಳಿಗೆ ಈ ಕ್ರಮವನ್ನು ಬಳಸಬಾರದು.

ಓಡಾಡುವ ಗಾಡಿ ಕೆಟ್ಟರೆ ಯಾವ ಭಾಗ ಸವೆದಿದೆ ಎಂದು ಹುಡುಕುತ್ತೇವೆ. ಮಣ್ಣಿನ ಮೇಲೆ ನಿಂತು ಕೆಟ್ಟ ಗಾಡಿಯಲ್ಲಿ ತೇವ ಯಾವ ದಾರಿಯಿಂದ ಹತ್ತಿತು ಎಂದು ಹುಡುಕಬೇಕು. ಆ ದಾರಿ ಬಹುತೇಕ ಕೆಳಗಿನಿಂದಲೇ ಇರುತ್ತದೆ. ಬಾನೆಟ್ ಎತ್ತಿ ಮೇಲಿನಿಂದ ಆರಂಭಿಸಿದ ಕಾರಣಕ್ಕೆ ನಾನು ಒಂದು ಸೆಲ್ಫ್ ಮೋಟಾರನ್ನು (ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ಅನಗತ್ಯವಾಗಿ ಬಿಚ್ಚಿಸಿದೆ, ಎರಡು ವಾರ ಕಳೆದೆ. ಆದ್ದರಿಂದ ಈ ಬರಹದ ಕ್ರಮವು ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ.

ಕೀಲಿಗೆ ಮೊದಲು ನೆಲ

ಗಾಡಿಯನ್ನು ಮುಟ್ಟುವ ಮೊದಲು ಟಾರ್ಚ್ ಹಿಡಿದು ನಾಲ್ಕೂ ಬದಿಯಿಂದ ಕುಕ್ಕರುಗಾಲಿನಲ್ಲಿ ಕುಳಿತು ಅಡಿಭಾಗವನ್ನು ನೋಡಬೇಕು. ಮಣ್ಣು ಎಲ್ಲೆಲ್ಲಿ ಕಪ್ಪಗಿದೆ, ಎಲ್ಲಿ ಬಿರುಕು ಬಿಟ್ಟಿದೆ, ಹುಲ್ಲು ಯಾವ ಬದಿಯಲ್ಲಿ ದಟ್ಟವಾಗಿ ಬೆಳೆದು ತಳವನ್ನು ಮುಟ್ಟಿದೆ, ಯಾವ ಚಕ್ರ ಎಷ್ಟು ಬೆರಳು ಹೂತಿದೆ ಎಂಬುದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಚಕ್ರದ ಒಳಬದಿಯಲ್ಲಿ ಎಣ್ಣೆಯಂಥ ಕಲೆ ಇದ್ದರೆ ಅದು ಬ್ರೇಕ್ ಆಯಿಲ್ ಆಗಿರಬಹುದು. ಎಂಜಿನ್ನಿನ ಕೆಳಗಿನ ಕಪ್ಪು ಕಲೆ ಹಳೆಯ ಅಂಬಾಸಿಡರ್‌ಗೆ ಹೊಸದೇನಲ್ಲ, ಅದಕ್ಕೆ ಗಾಬರಿಯಾಗಬೇಕಿಲ್ಲ. ಹಿಕ್ಕೆ, ಕಚ್ಚಿದ ತೆಂಗಿನ ನಾರು, ಕಡಲೆಕಾಯಿ ಸಿಪ್ಪೆ ಕಂಡರೆ ಅದನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಹಾವು ತಂಪಿಗೆ ಗಾಡಿಯಡಿ ಸೇರುವುದು ನಮ್ಮ ಕಡೆ ಅಪರೂಪವಲ್ಲವಾದ್ದರಿಂದ ಕೈ ಹಾಕುವ ಮೊದಲು ಕೋಲಿನಿಂದ ಹುಲ್ಲನ್ನು ಸರಿಸಬೇಕು.

ನೆಲದ ತೇವವನ್ನು ಅಳೆಯಲು ಯಂತ್ರ ಬೇಕಿಲ್ಲ. ಎರಡಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗಾಡಿಯ ಕೆಳಗೆ ಮಣ್ಣಿನ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಮರಳು ಸುರಿದು ಗಾಳಿಯಾಡದಂತೆ ಮುಚ್ಚಿ, ಸಂಜೆಯಿಂದ ಬೆಳಗಿನವರೆಗೆ ಬಿಡಬೇಕು. ಬೆಳಿಗ್ಗೆ ಹಾಳೆಯ ಅಡಿಭಾಗದಲ್ಲಿ ಹನಿಗಳು ಕಟ್ಟಿದ್ದರೆ, ಅಷ್ಟು ನೀರು ಪ್ರತಿ ರಾತ್ರಿ ಮಣ್ಣಿನಿಂದ ಆವಿಯಾಗಿ ಮೇಲಕ್ಕೆ ಬರುತ್ತಿದೆ ಎಂದರ್ಥ. ಹಾಳೆ ಇಲ್ಲದಾಗ ಆ ಆವಿ ಹೋಗಿ ತಾಗುವುದು ಗಾಡಿಯ ತಳಕ್ಕೆ. ರಾತ್ರಿ ಲೋಹವು ಸುತ್ತಲಿನ ಗಾಳಿಗಿಂತ ಬೇಗ ತಣ್ಣಗಾಗುವುದರಿಂದ ಹನಿ ಅಲ್ಲಿಯೇ ಕಟ್ಟುತ್ತದೆ. ಗಾಳಿಯ ತೇವಾಂಶ ಸುಮಾರು ಶೇ 60 ದಾಟಿದ ಮೇಲೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಏಕಾಏಕಿ ಹೆಚ್ಚುತ್ತದೆ. ಮಳೆ ನಿಂತ ಮೇಲೂ, ಇಬ್ಬನಿ ಸುರಿಯುವ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ತಳ ಒದ್ದೆಯಾಗಿಯೇ ಇರುವುದು ಇದೇ ಕಾರಣದಿಂದ.

ನನ್ನ ಹಿತ್ತಲಿನಲ್ಲಿ ಈ ಪರೀಕ್ಷೆಯನ್ನು ನಾಲ್ಕೂ ಚಕ್ರಗಳ ಬಳಿ ಮಾಡಿದಾಗ ಒಂದು ವಿಚಿತ್ರ ಕಂಡಿತು. ಬಲಬದಿಯ ಹಾಳೆಗಳಲ್ಲಿ ಮಂಜಿನಂಥ ತೆಳುವಾದ ತೇವ ಮಾತ್ರ ಇತ್ತು. ಎಡ ಹಿಂಚಕ್ರದ ಬಳಿಯ ಹಾಳೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆ ಎರಡೂ ಬದಿಗೆ ಒಂದೇ ಸಮನಾಗಿ ಸುರಿದಿತ್ತು. ವ್ಯತ್ಯಾಸಕ್ಕೆ ಕಾರಣ ಬಚ್ಚಲಿನ ನೀರು. ಮನೆಯ ಮಾಲೀಕರು ಎಷ್ಟೋ ವರ್ಷಗಳ ಹಿಂದೆ ಬಚ್ಚಲ ನೀರನ್ನು ತೆಂಗಿನ ಪಾತಿಗೆ ಹರಿಯಬಿಟ್ಟಿದ್ದರು. ಆ ಕಾಲುವೆ ನನ್ನ ಗಾಡಿಯ ಎಡಬದಿಯಿಂದ ಒಂದೂವರೆ ಅಡಿ ದೂರದಲ್ಲಿ, ಒಣಗಿದ ಗರಿಗಳ ಕೆಳಗೆ ಮರೆಯಾಗಿ ಹರಿಯುತ್ತಿತ್ತು. ಬೇಸಿಗೆಯಲ್ಲೂ ಅಲ್ಲಿ ಮಣ್ಣು ಒಣಗುತ್ತಿರಲಿಲ್ಲ. ಮುಂದೆ ಹೇಳುವ ಮುಖ್ಯ ದೋಷಗಳೆಲ್ಲ ಒಂದೊಂದಾಗಿ ಎಡಬದಿಯಲ್ಲೇ ಸಿಕ್ಕವು.

ಸೆಲ್ಫ್ ತಿರುಗದಿದ್ದಾಗ

ಮೊದಲು ಬ್ಯಾಟರಿಯನ್ನು ಮಲ್ಟಿಮೀಟರಿನಿಂದ ಅಳೆಯಬೇಕು. ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧ ಇಳಿದಿದೆ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿಯಾಗಿದೆ. ಖಾಲಿಯಾಗಿ ತಿಂಗಳುಗಟ್ಟಲೆ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುವುದರಿಂದ ಅದು ಚಾರ್ಜ್ ಹಿಡಿದಂತೆ ತೋರಿ, ಸೆಲ್ಫ್ ಕೊಟ್ಟೊಡನೆ ಕುಸಿಯುತ್ತದೆ. ಸೆಲ್ಫ್ ಕೊಡುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೇ ಅನುಮಾನಿಸಬೇಕು. ಬೇರೆ ಗಾಡಿಯಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡುವ ಯೋಚನೆ ಇದ್ದರೆ, ಗಾಡಿಯ ಲೋಹದ ಮೈಗೆ ಕಟ್ಟಿರುವುದು ಬ್ಯಾಟರಿಯ ಪ್ಲಸ್ ತುದಿಯೋ ಮೈನಸ್ ತುದಿಯೋ ಎಂದು ಮೊದಲು ಕಣ್ಣಾರೆ ನೋಡಿಕೊಳ್ಳಿ. ತೀರಾ ಹಳೆಯ ಕೆಲವು ಗಾಡಿಗಳಲ್ಲಿ ಪ್ಲಸ್ ತುದಿಯೇ ಗಾಡಿಯ ಮೈಗೆ ಹೋಗಿರುತ್ತದೆ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ತಿರುಗದಿದ್ದರೆ ಹೆಡ್‌ಲೈಟ್ ಹಾಕಿ ಸೆಲ್ಫ್ ಕೊಡಬೇಕು. ದೀಪ ಪೂರ್ತಿ ನಂದಿಹೋದಂತೆ ಮಂಕಾದರೆ ಬ್ಯಾಟರಿಯ ತುದಿಗಳಲ್ಲಿ ಅಥವಾ ಬ್ಯಾಟರಿಯೊಳಗೆ ತೊಂದರೆ ಇದೆ. ತುದಿಗಳನ್ನು ಬಿಚ್ಚಿ ಬಿಸಿನೀರಿನಲ್ಲಿ ತೊಳೆದು, ಉಜ್ಜಿ, ಮತ್ತೆ ಬಿಗಿದು ನೋಡಿ. ದೀಪ ಪ್ರಕಾಶಮಾನವಾಗಿಯೇ ಉಳಿದು, 'ಟಕ್' ಎಂಬ ಸದ್ದು ಮಾತ್ರ ಬಂದರೆ ದೋಷವು ಸೊಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್), ಸೆಲ್ಫ್ ಮೋಟಾರ್, ಇಲ್ಲವೇ ಎಂಜಿನ್ನಿನ ಅರ್ತ್ (ಕರೆಂಟು ಬ್ಯಾಟರಿಗೆ ಮರಳುವ ದಾರಿ) ಈ ಮೂರರಲ್ಲಿ ಒಂದು.

ಇಲ್ಲಿಯೇ ನಾನು ಎಡವಿದ್ದು. ನನ್ನ ಗಾಡಿಯ ದೀಪ ಉರಿಯುತ್ತಲೇ ಇತ್ತು, ಬ್ಯಾಟರಿ 12.5 ತೋರಿಸುತ್ತಿತ್ತು. ಆದ್ದರಿಂದ ಸೆಲ್ಫ್ ಮೋಟಾರ್ ಹೋಗಿದೆ ಎಂದು ತೀರ್ಮಾನಿಸಿ, ಅದನ್ನು ಬಿಚ್ಚಿಸಿ, ಬುಷ್ ಮತ್ತು ಕಾರ್ಬನ್ ಹೊಸದು ಹಾಕಿಸಿದೆ. ಮೇಜಿನ ಮೇಲೆ ಅದು ಗಿರ್ರನೆ ತಿರುಗಿತು. ಗಾಡಿಗೆ ಕೂರಿಸಿದ ಮೇಲೆ ಮತ್ತೆ ಅದೇ 'ಟಕ್'. ಅಂತರಸನಹಳ್ಳಿಯ ಕಡೆಯಿಂದ ಬಂದಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಮೂರ್ನಾಲ್ಕು ಸಲ ಸೆಲ್ಫ್ ಕೊಡಿಸಿ, ಸ್ಪ್ಯಾನರ್ ಮುಟ್ಟದೆ, ಬಾಗಿಲಿನಿಂದ ಕೈಚಾಚಿ ಚೋಕ್ ಗುಂಡಿಯನ್ನು ಹಿಡಿದು ನೋಡಿದರು. "ಸಾರ್, ಚೋಕ್ ವೈರ್ ಮುಟ್ಟಿ ನೋಡಿ, ಹೆಂಗ್ ಕಾದೈತೆ. ಕರೆಂಟು ಹೋಗೋಕೆ ಬೇರೆ ದಾರಿ ಇಲ್ದೆ ಇದ್ರಲ್ಲಿ ಹೋಗ್ತೈತೆ" ಎಂದರು.

ಅವರ ಮಾತಿನ ಹಿಂದಿನ ಲೆಕ್ಕ ಸರಳವಾದದ್ದು. ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತಿರುವುದರಿಂದ ಬಾಡಿಗೂ ಅದಕ್ಕೂ ವಿದ್ಯುತ್ ಸಂಬಂಧ ತಾನಾಗಿ ಇರುವುದಿಲ್ಲ. ತಾಮ್ರದ ಎಳೆಗಳನ್ನು ಹೆಣೆದ ಒಂದು ಪಟ್ಟಿ ಆ ಸಂಬಂಧವನ್ನು ಕಲ್ಪಿಸುತ್ತದೆ. ಆ ಪಟ್ಟಿ ತುಕ್ಕು ಹಿಡಿದರೆ ಸೆಲ್ಫ್ ಮೋಟಾರಿಗೆ ಬೇಕಾದ ದೊಡ್ಡ ಕರೆಂಟು, ಎಂಜಿನ್‌ಗೂ ಬಾಡಿಗೂ ತಾಗಿರುವ ಯಾವ ಸಣ್ಣ ಲೋಹದ ತಂತಿ ಸಿಕ್ಕರೂ ಅದರ ಮೂಲಕ ನುಗ್ಗುತ್ತದೆ: ಚೋಕ್ ವೈರ್, ಆಕ್ಸಿಲರೇಟರ್ ವೈರ್, ಮೀಟರ್ ಕೇಬಲ್. ಅವು ಕಾಯುತ್ತವೆ, ಹಟ ಹಿಡಿದು ಸೆಲ್ಫ್ ಕೊಡುತ್ತಲೇ ಹೋದರೆ ಹೊಗೆಯೂ ಬರುತ್ತದೆ. ದೀಪಗಳಿಗೆ ಬಾಡಿಯ ಅರ್ತ್ ಸಾಕಾಗುವುದರಿಂದ ಅವು ಚೆನ್ನಾಗಿ ಉರಿದು ನಮ್ಮನ್ನು ದಾರಿ ತಪ್ಪಿಸುತ್ತವೆ.

ಇದನ್ನು ಮೀಟರಿನಿಂದ ಖಚಿತಪಡಿಸಿಕೊಳ್ಳಬಹುದು. ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ ಹಿಡಿದು, ಮತ್ತೊಬ್ಬರಿಂದ ಸೆಲ್ಫ್ ಕೊಡಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ. ನನ್ನ ಗಾಡಿಯಲ್ಲಿ 6 ವೋಲ್ಟ್ ದಾಟಿತ್ತು. ಪಟ್ಟಿ ಇದ್ದದ್ದು ಎಡಬದಿಯ ಕೆಳಗೆ. ಗರಿಕೆ ಹುಲ್ಲು ಅದರ ಬೋಲ್ಟಿನವರೆಗೆ ಬೆಳೆದು ಸುತ್ತಿಕೊಂಡಿತ್ತು, ಹೆಣಿಗೆಯ ಎಳೆಗಳು ಹಸಿರು ಪುಡಿಯಾಗಿ ಉದುರಿದವು. ಹೊಸ ಪಟ್ಟಿ ಹಾಕಿ, ಎರಡೂ ತುದಿಯ ಜಾಗವನ್ನು ಬೆಳ್ಳಗಾಗುವವರೆಗೆ ಉಜ್ಜಿ, ಬಿಗಿದ ಮೇಲೆ ಗ್ರೀಸ್ ಸವರಿದೆ. ಮೊದಲೇ ನೆಲದ ನಕ್ಷೆಯನ್ನು ಬರೆದುಕೊಂಡಿದ್ದರೆ ಈ ಬೋಲ್ಟಿಗೆ ಮೊದಲ ದಿನವೇ ಬರುತ್ತಿದ್ದೆ.

ಸೆಲ್ಫ್ ತಿರುಗಿಸುವ ಮೊದಲು ಇನ್ನೊಂದು ಎಚ್ಚರಿಕೆ ಅಗತ್ಯ. ಆರು ತಿಂಗಳಿಗಿಂತ ಹೆಚ್ಚು ನಿಂತ ಎಂಜಿನ್ನಿನ ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಸ್ಟಾರ್ಟಿಂಗ್ ಹ್ಯಾಂಡಲ್ ಇದ್ದರೆ ಅದರಿಂದ, ಇಲ್ಲವಾದರೆ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಬೇಕು. ಕೈಗೆ ತಿರುಗದ ಎಂಜಿನ್ನನ್ನು ಸೆಲ್ಫ್‌ನಿಂದ ತಿರುಗಿಸಲು ಹೋದರೆ ಆಮೇಲೆ ಖರ್ಚಿನ ಲೆಕ್ಕವೇ ಬೇರೆಯಾಗುತ್ತದೆ.

ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ

ಈಗ ನೋಡಬೇಕಾದದ್ದು ಕಿಡಿ ಮತ್ತು ಪೆಟ್ರೋಲ್. ಕಿಡಿಯ ಪರೀಕ್ಷೆ ಎಲ್ಲರಿಗೂ ತಿಳಿದದ್ದೇ: ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿಗೆ ತಾಗಿಸಿ ಸೆಲ್ಫ್ ಕೊಟ್ಟರೆ ನೀಲಿ ಕಿಡಿ ಹಾರಬೇಕು. ಈ ಪರೀಕ್ಷೆ ಮಾಡುವಾಗ ಸುತ್ತಮುತ್ತ ಪೆಟ್ರೋಲ್ ಚೆಲ್ಲಿರಬಾರದು. ಕಿಡಿ ಇಲ್ಲದಿದ್ದರೆ, ನಿಂತ ಗಾಡಿಯಲ್ಲಿ ಕಾಯಿಲಿಗಿಂತ ಮೊದಲು ಪಾಯಿಂಟನ್ನು (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಸಣ್ಣ ಸ್ವಿಚ್) ನೋಡಬೇಕು. ತೇವದ ಗಾಳಿಗೆ ಅದರ ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟಿರುತ್ತದೆ. ನಯವಾದ ಅರದಿಂದ ಎರಡು ಸಲ ಎಳೆದು, ಒಣಬಟ್ಟೆಯಿಂದ ಒರೆಸಿ, ಅಂತರವನ್ನು 0.015 ಇಂಚಿಗೆ ಹೊಂದಿಸಿದರೆ ಬಹಳ ಸಲ ಅಲ್ಲಿಗೆ ಕೆಲಸ ಮುಗಿಯುತ್ತದೆ. ಪ್ಲಗ್ಗಿನ ಅಂತರ ಈ ಎಂಜಿನ್ನಿಗೆ 0.025 ಇಂಚು. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗಿನ ತೇವವನ್ನೂ ಒರೆಸಿ.

ಕಿಡಿ ಇದ್ದು ಎಂಜಿನ್ ಹಿಡಿಯದಿದ್ದರೆ, ಅಥವಾ ಹಿಡಿದು ಎರಡು ಕ್ಷಣಕ್ಕೆ ನಿಂತರೆ, ಪೆಟ್ರೋಲನ್ನು ಕಣ್ಣಿನಿಂದಲೇ ಪರೀಕ್ಷಿಸಬೇಕು. ಪಂಪಿಗೆ ಬರುವ ಪೈಪಿನಿಂದ ಕಾಲು ಲೀಟರ್ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ಆ ನೀರಿನೊಂದಿಗೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಬಾಟಲಿಯಲ್ಲಿ ಎರಡು ಪದರ ಕಂಡರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡದೆ ಬೇರೆ ಉಪಾಯವಿಲ್ಲ, ಮೇಲೆ ಹೊಸ ಪೆಟ್ರೋಲ್ ಸುರಿದರೆ ತಳದ ಪದರ ತಳದಲ್ಲೇ ಉಳಿದು ಮೊದಲು ಅದೇ ಪಂಪಿಗೆ ಬರುತ್ತದೆ. ಪದರವಿಲ್ಲದೆ, ವಾರ್ನಿಷ್‌ನಂಥ ಹುಳಿ ವಾಸನೆ ಬಂದರೆ ಪೆಟ್ರೋಲ್ ಹಳಸಿದೆ. ಕಾರ್ಬೊರೇಟರಿನ ಜೆಟ್‌ಗಳಲ್ಲಿ ಅಂಟು ಕೂತಿರುತ್ತದೆ. ಈ ಕೆಲಸವನ್ನು ಬಚ್ಚಲ ಒಲೆಯಿಂದ ದೂರದಲ್ಲಿ, ಒಲೆ ಆರಿದ ಹೊತ್ತಿನಲ್ಲಿ ಮಾಡಬೇಕು. ನೀರು ಕಾಯಿಸುವ ಹಂಡೆಯ ಒಲೆ ಹಿತ್ತಲಿನಲ್ಲೇ ಇರುವ ಮನೆಗಳು ನಮ್ಮಲ್ಲಿ ಇನ್ನೂ ಸಾಕಷ್ಟಿವೆ, ಪೆಟ್ರೋಲಿನ ಆವಿ ನೆಲಕ್ಕೆ ಅಂಟಿಕೊಂಡೇ ಹರಿದು ಅಲ್ಲಿಯವರೆಗೂ ಹೋಗಬಲ್ಲದು.

ಎಥನಾಲ್‌ನಿಂದ ಹಳೆಯ ರಬ್ಬರ್ ಪೈಪುಗಳು ಉಬ್ಬಿ ಮೆತ್ತಗಾಗುತ್ತವೆ. ಬೆರಳಿನಿಂದ ಹಿಸುಕಿದಾಗ ಜಿಗುಟಾಗಿದ್ದರೆ ಎಲ್ಲವನ್ನೂ ಬದಲಿಸಿ, ಒಂದನ್ನೂ ಉಳಿಸಬೇಡಿ.

ಕಿಡಿ, ಪೆಟ್ರೋಲ್ ಎರಡೂ ಸರಿಯಿದ್ದು ಎಂಜಿನ್ ಕೆಮ್ಮುತ್ತಿದ್ದರೆ ಏರ್ ಫಿಲ್ಟರ್ ಬಿಚ್ಚಿ. ನೆರೆಮನೆಯವರು ಕಾರ್ತಿಕದಲ್ಲಿ ಕಡಲೆಕಾಯಿಯನ್ನು ಅಂಗಳದಲ್ಲಿ ಒಣಹಾಕಿದ್ದರು. ಅದರಲ್ಲಿ ಒಂದು ಪಾಲು ನನ್ನ ಫಿಲ್ಟರಿನೊಳಗೆ ಸಿಪ್ಪೆಯಾಗಿ ಸಿಕ್ಕಿತು. ಇಲಿ ಗೂಡು ಕಟ್ಟಿದೆ ಎಂದಾದರೆ ವೈರುಗಳ ಉದ್ದಕ್ಕೂ ಕೈಯಾಡಿಸಿ, ಕಚ್ಚಿದ ಜಾಗಗಳನ್ನು ಸರಿಪಡಿಸದೆ ಬ್ಯಾಟರಿ ಜೋಡಿಸಬಾರದು. ಮುಂದಿನ ಸಲ ಗಾಡಿ ನಿಲ್ಲಿಸುವಾಗ ಫಿಲ್ಟರಿನ ಮೂತಿಗೂ ಸೈಲೆನ್ಸರ್ ಬಾಯಿಗೂ ಕಬ್ಬಿಣದ ನಾರು ತುರುಕಿ, ಅದನ್ನು ಮರೆಯದಂತೆ ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿಡಿ.

ಎಂಜಿನ್ ಹಿಡಿಯಿತು, ಗಾಡಿ ಜರುಗುವುದಿಲ್ಲ

ಎಂಜಿನ್ ಸದ್ದು ಕೇಳಿದ ಸಂತೋಷದಲ್ಲಿ ಗೇರ್ ಹಾಕಿ ಕ್ಲಚ್ ಬಿಟ್ಟು ಎಳೆಸುವುದು ಈ ಇಡೀ ಪ್ರಕ್ರಿಯೆಯಲ್ಲೇ ಅತಿ ದುಬಾರಿ ತಪ್ಪು. ಡ್ರಮ್ಮಿಗೆ ಅಂಟಿದ ಬ್ರೇಕ್ ಲೈನರ್ ಕಿತ್ತು ಬಂದು ಡ್ರಮ್ಮಿನೊಳಗೆ ಸಿಲುಕಿದರೆ ಚಕ್ರ ಖಾಯಂ ಆಗಿ ಕಚ್ಚಿಕೊಳ್ಳುತ್ತದೆ, ಇಲ್ಲವೇ ಆಕ್ಸಲ್ಲಿಗೆ ಪೆಟ್ಟು ಬೀಳುತ್ತದೆ. ಮೊದಲು ನ್ಯೂಟ್ರಲ್‌ನಲ್ಲಿ ಇಬ್ಬರು ಸೇರಿ ಹಿಂದಕ್ಕೂ ಮುಂದಕ್ಕೂ ತೂಗಿಸಿ ನೋಡಿ. ಜರುಗದಿದ್ದರೆ ಚಕ್ರಗಳನ್ನು ಒಂದೊಂದಾಗಿ ಎತ್ತಬೇಕು.

ಇಲ್ಲಿ ಜಾಕ್ ಬಗ್ಗೆ ಹೇಳಲೇಬೇಕು. ಮಣ್ಣಿನ ಮೇಲೆ ನೇರವಾಗಿ ಜಾಕ್ ಇಡಬಾರದು, ಒಣಗಿದಂತೆ ಕಂಡರೂ ಸರಿಯೇ. ಒಂದು ಟನ್ನಿಗಿಂತ ಹೆಚ್ಚು ತೂಕದ ಈ ಗಾಡಿಯ ಒಂದು ಮೂಲೆಯ ಭಾರವನ್ನು ಜಾಕಿನ ಅಂಗೈಯಗಲದ ತಳ ಮಣ್ಣಿಗೆ ಒತ್ತಿದಾಗ ಅದು ನಿಧಾನವಾಗಿ ಒಂದು ಬದಿಗೆ ವಾಲುತ್ತದೆ, ಆ ವಾಲುವಿಕೆ ಗಾಡಿಯಡಿ ಇರುವವನಿಗೆ ಗೊತ್ತಾಗುವುದಿಲ್ಲ. ಒಂದೂವರೆ ಅಡಿಯ ಚಪ್ಪಡಿ ಕಲ್ಲು ಅಥವಾ ದಪ್ಪ ಹಲಗೆಯನ್ನು ಸಮವಾಗಿ ಕೂರಿಸಿ, ಅದರ ಮೇಲೆ ಜಾಕ್ ಇಟ್ಟು, ಎತ್ತಿದ ಮೇಲೆ ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಬೇಕು. ಇಟ್ಟಿಗೆ ಜೋಡಿಸಿ ಅದರ ಮೇಲೆ ಗಾಡಿಯನ್ನು ನಿಲ್ಲಿಸುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಇಟ್ಟಿಗೆ ಯಾವ ಸೂಚನೆಯನ್ನೂ ಕೊಡದೆ ಸೀಳುತ್ತದೆ.

ಎತ್ತಿದ ಚಕ್ರ ಕೈಗೆ ತಿರುಗದಿದ್ದರೆ ಕಾರಣ ಮೂರರಲ್ಲಿ ಒಂದು. ಹ್ಯಾಂಡ್ ಬ್ರೇಕ್ ಕೆಳಗಿಳಿಸಿದ ಮೇಲೂ ಅಡಿಯಲ್ಲಿರುವ ಅದರ ಕೇಬಲ್ ಬಿಗಿಯಾಗಿಯೇ ಇದ್ದರೆ ಕೇಬಲ್ ಅಥವಾ ಕೊಂಡಿ ತುಕ್ಕಿನಿಂದ ಸಿಲುಕಿದೆ. ಅಲ್ಲಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕೈಯಲ್ಲಿ ಎಳೆದಾಡಿಸಿದರೆ ಬಿಡುತ್ತದೆ. ಕೇಬಲ್ ಸಡಿಲವಾಗಿದ್ದರೆ ಚಕ್ರದ ಹಿಂಬದಿಯ ಬ್ಲೀಡರ್ ನಿಪ್ಪಲನ್ನು (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ತಿರುಪು) ಕಾಲು ಸುತ್ತು ಬಿಚ್ಚಿ ನೋಡಿ. ಬ್ರೇಕ್ ಆಯಿಲ್ ಚಿಮ್ಮಿ ಚಕ್ರ ಸಡಿಲಾದರೆ ಒತ್ತಡ ಒಳಗೆ ಸಿಕ್ಕಿಹಾಕಿಕೊಂಡಿತ್ತು ಎಂದರ್ಥ. ದೋಷ ಉಬ್ಬಿದ ರಬ್ಬರ್ ಹೋಸ್ ಅಥವಾ ಮಾಸ್ಟರ್ ಸಿಲಿಂಡರಿನಲ್ಲಿದೆ. ಎರಡೂ ಅಲ್ಲದಿದ್ದರೆ ಲೈನರ್ ಡ್ರಮ್ಮಿಗೆ ಅಂಟಿದೆ, ಅಥವಾ ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಹೊರಚಾಚಿದ ಜಾಗದಲ್ಲೇ ನಿಂತಿದೆ.

ಅಂಟಿದ ಡ್ರಮ್ಮನ್ನು ಬಿಡಿಸಲು ಮೊದಲು ಹಿಂಬದಿಯ ಅಡ್ಜಸ್ಟರನ್ನು (ಲೈನರಿಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ತಿರುಪು) ಪೂರ್ತಿ ಸಡಿಲಿಸಿ, ಚಕ್ರ ಬಿಚ್ಚಿ, ಡ್ರಮ್ಮಿನ ಸುತ್ತಲೂ ಮರದ ಕೊಡತಿಯಿಂದ ಸಮನಾಗಿ ತಟ್ಟುತ್ತ ಹೋಗಬೇಕು. ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಎರಕದ ಡ್ರಮ್ ಬಿರಿಯುತ್ತದೆ. ಅವಸರಕ್ಕೆ ಎಣ್ಣೆಯನ್ನು ಡ್ರಮ್ಮಿನೊಳಗೆ ಬಿಡಬೇಡಿ, ಎಣ್ಣೆ ಕುಡಿದ ಲೈನರನ್ನು ಎಸೆಯಲೇಬೇಕಾಗುತ್ತದೆ. ಬಿಚ್ಚಿದ ಮೇಲೆ ಒಳಗಿನ ಪುಡಿಯನ್ನು ಬಾಯಿಂದ ಊದುವುದಾಗಲಿ ಗಾಳಿ ಹೊಡೆಸುವುದಾಗಲಿ ಬೇಡ. ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವವಿದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ನನ್ನ ಗಾಡಿಯಲ್ಲಿ ಕಚ್ಚಿದ್ದು ಎಡ ಹಿಂಚಕ್ರ ಒಂದೇ. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ್ದು ನನ್ನ ತಪ್ಪು. ಆದರೆ ಹ್ಯಾಂಡ್ ಬ್ರೇಕ್ ಬಲಚಕ್ರವನ್ನೂ ಅಷ್ಟೇ ಬಿಗಿಯಾಗಿ ಹಿಡಿದಿತ್ತು, ಅದು ಒಂದೇ ಏಟಿಗೆ ಬಿಟ್ಟಿತು. ಎಡದ್ದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಮಣ್ಣಿನ ಮೇಲೆ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು, ಚಕ್ರಗಳಿಗೆ ಎರಡೂ ಬದಿಯಿಂದ ಕಲ್ಲು ಕೊಡುವುದೇ ಸರಿಯಾದ ಕ್ರಮ.

ಚಕ್ರಗಳೆಲ್ಲ ಸಡಿಲವಿದ್ದೂ, ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಬೀಳದೆ ಕರಕರ ಎಂದರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿದೆ. ಎಂಜಿನ್ ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಬಹಳ ಸಲ ತಾನಾಗಿ ಬಿಡುತ್ತದೆ.

ಬ್ರೇಕ್ ಪೆಡಲ್ ಮೆತ್ತಗಾಗಿದ್ದರೆ ಗಾಡಿಯನ್ನು ಗೇಟಿನಾಚೆ ತರಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದ್ದರೆ, ತೇವ ಹೀರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಆ ತೇವವೇ ವೀಲ್ ಸಿಲಿಂಡರಿನ ಒಳಗೋಡೆಯನ್ನು ತಿನ್ನುತ್ತದೆ. ಟೈರಿನ ಒಳಬದಿಯಲ್ಲಿ ಒದ್ದೆ ಕಂಡ ಚಕ್ರದಿಂದ ಆರಂಭಿಸಿ, ಸಿಲಿಂಡರಿನೊಳಗಿನ ರಬ್ಬರ್ ಕಪ್‌ಗಳನ್ನು ಬದಲಿಸಿ, ಆಯಿಲನ್ನು ಪೂರ್ತಿ ಹೊಸದಾಗಿ ತುಂಬಿಸಿ.

ತಳದ ತುಕ್ಕು

ಅಂಬಾಸಿಡರ್‌ಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯ ತಳವೇ ಭಾರ ಹೊರುತ್ತದೆ. ಆದ್ದರಿಂದ ತಳದ ತುಕ್ಕು ಬಣ್ಣದ ಪ್ರಶ್ನೆಯಲ್ಲ. ಬಾಗಿಲುಗಳ ಕೆಳಗಿನ ಪೆಟ್ಟಿಗೆಯಾಕಾರದ ಭಾಗ, ಹಿಂದಿನ ಪಟ್ಟಿ ಸ್ಪ್ರಿಂಗಿನ ಕೊಂಡಿಗಳು ಕೂರುವ ಜಾಗ, ಡಿಕ್ಕಿಯ ಮೂಲೆಗಳು, ಇವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ಕಣಕಣ ಎನ್ನುತ್ತದೆ, ಕೊಳೆತದ್ದು ಮಡಕೆಯ ಓಡಿನಂತೆ ಮಂಕಾಗಿ ಸದ್ದು ಮಾಡುತ್ತದೆ. ಇನ್ನೊಂದು ಪರೀಕ್ಷೆಯನ್ನು ಟಿಂಕರಿಂಗ್ ಕೆಲಸದವರು ಮಾಡುತ್ತಾರೆ: ಒಂದು ಬದಿಯನ್ನು ಜಾಕ್ ಹಾಕಿ ಎತ್ತಿ, ಆ ಬದಿಯ ಬಾಗಿಲು ತೆರೆದು ಮುಚ್ಚಿ ನೋಡುತ್ತಾರೆ. ಎತ್ತಿದಾಗ ಮಾತ್ರ ಬಾಗಿಲು ಬಿಗಿಯಾದರೆ ತಳ ಬಾಗುತ್ತಿದೆ, ಅಂಥ ಗಾಡಿಗೆ ಮೊದಲು ವೆಲ್ಡಿಂಗ್, ಆಮೇಲೆ ಉಳಿದದ್ದು.

ಬಾಗಿಲಿನ ಮತ್ತು ಪೆಟ್ಟಿಗೆ ಭಾಗದ ಅಡಿಯಲ್ಲಿ ನೀರಿಳಿಯುವ ಸಣ್ಣ ರಂಧ್ರಗಳಿರುತ್ತವೆ. ಕೆಮ್ಮಣ್ಣು ಅವುಗಳಲ್ಲಿ ಸಿಮೆಂಟಿನಂತೆ ಕೂರುತ್ತದೆ. ತಂತಿ ಹಾಕಿ ಬಿಡಿಸಿದಾಗ ಒಳಗಿನಿಂದ ಲೋಟಗಟ್ಟಲೆ ನೀರು ಬಂದರೆ ಆಶ್ಚರ್ಯಪಡಬೇಡಿ. ತಳಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ತೊಟ್ಟಿಕ್ಕಿ ಬೇರೆಯವರ ಮಣ್ಣನ್ನು, ತೆಂಗಿನ ಬೇರನ್ನು ಕೆಡಿಸುತ್ತದೆ.

ಮೂಲ ದೋಷ: ನೆಲದ ದುರಸ್ತಿ

ಮೇಲಿನದೆಲ್ಲ ಸರಿಯಾದ ಮೇಲೂ ಗಾಡಿಯನ್ನು ಅದೇ ಜಾಗದಲ್ಲಿ ಅದೇ ರೀತಿ ನಿಲ್ಲಿಸಿದರೆ ಮುಂದಿನ ವರ್ಷ ಇದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ. ಸಿಮೆಂಟ್ ಹಾಕಿಸುವ ಬಗ್ಗೆ ಮಾಲೀಕರನ್ನು ಕೇಳಿದಾಗ ಅಜ್ಜ ಒಂದೇ ಮಾತಿನಲ್ಲಿ ಮುಗಿಸಿದರು: "ಸಿಮೆಂಟ್ ಹಾಕಿದ್ರೆ ತೆಂಗಿನ ಬೇರಿಗೆ ಉಸಿರು ಕಟ್ಟುತ್ತೆ ಕಣಪ್ಪಾ. ಕಲ್ಲು ಹಾಸ್ಕೋ, ಹೋಗುವಾಗ ತಗೊಂಡ್ಹೋಗು." ಬಾಡಿಗೆದಾರನಿಗೆ ಇದಕ್ಕಿಂತ ಒಳ್ಳೆಯ ಸಲಹೆ ಸಿಗಲಾರದು. ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವವನು ಇನ್ನೊಬ್ಬರ ಅಂಗಳದಲ್ಲಿ ಕಿತ್ತೊಯ್ಯಲಾಗದ ಯಾವುದನ್ನೂ ಕಟ್ಟಬಾರದು. ಬಿಡುವಾಗ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ಮಾತು ಬರುವುದು ಅಲ್ಲಿಂದಲೇ.

ಮೊದಲು ಬಚ್ಚಲ ನೀರಿನ ಕಾಲುವೆಗೆ ಪಿವಿಸಿ ಪೈಪ್ ಹಾಕಿ, ನೀರು ಅದೇ ಪಾತಿಗೆ, ಆದರೆ ಮರದ ಆಚೆ ಬದಿಯಿಂದ ಸೇರುವಂತೆ ಮಾಡಿದೆ. ಮರಕ್ಕೆ ನೀರು ತಪ್ಪಲಿಲ್ಲ, ಅಜ್ಜನಿಗೂ ಬೇಸರವಾಗಲಿಲ್ಲ. ಅನಂತರ ಗಾಡಿ ನಿಲ್ಲುವ ಜಾಗದ ಮಣ್ಣನ್ನು ಸುತ್ತಲಿನದಕ್ಕಿಂತ ನಾಲ್ಕು ಇಂಚು ಎತ್ತರಿಸಿ, ದಿಮ್ಮಸು ಹೊಡೆದು, ನೀರು ಹರಿದು ಹೋಗಲು ಒಂದು ಬದಿಗೆ ಸ್ವಲ್ಪ ಇಳಿಜಾರು ಕೊಟ್ಟೆ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಜೆಲ್ಲಿ, ಪ್ರತಿ ಚಕ್ರದ ಕೆಳಗೆ ಎರಡಡಿ ಚೌಕದ, ಮೂರು ಇಂಚು ದಪ್ಪದ ಚಪ್ಪಡಿ. ಅಂಥ ಒಂದು ಗ್ರಾನೈಟ್ ಚಪ್ಪಡಿ ಸುಮಾರು 75 ಕೆಜಿ ತೂಗುತ್ತದೆ, ಇಬ್ಬರು ಸೇರಿ ಎತ್ತಿಡಬಹುದು. ಹಾಳೆಯನ್ನು ಜೆಲ್ಲಿ ಇಲ್ಲದೆ ಬರಿದೇ ಹಾಸಿದರೆ ಅದರ ಮೇಲೆಯೇ ನೀರು ನಿಂತು ಮೊದಲಿಗಿಂತ ಕೆಟ್ಟದಾಗುತ್ತದೆ.

ಹೊದಿಕೆಯ ವಿಷಯದಲ್ಲಿಯೂ ನಾನು ತಪ್ಪು ಮಾಡಿದ್ದೆ. ನೀಲಿ ಟಾರ್ಪಾಲನ್ನು ನೆಲದವರೆಗೆ ಇಳಿಬಿಟ್ಟು, ಅಂಚಿಗೆ ಕಲ್ಲಿಟ್ಟು ಭದ್ರ ಮಾಡಿದ್ದೆ. ಮಣ್ಣಿನ ಆವಿಯನ್ನು ಗಾಡಿಯ ಸುತ್ತ ಕೂಡಿಹಾಕಿದಂತಾಯಿತು. ಗಾಳಿಯಾಡುವ ಬಟ್ಟೆಯ ಹೊದಿಕೆಯನ್ನು ನೆಲದಿಂದ ಒಂದಡಿ ಮೇಲೆಯೇ ನಿಲ್ಲಿಸಬೇಕು. ತೆಂಗಿನ ಮರದ ಕೆಳಗೆ ನಿಲ್ಲಿಸುವುದಾದರೆ ಕಾಯಿ ಕೆಡವಿಸುವ ದಿನವನ್ನು ಮಾಲೀಕರಿಂದ ಮೊದಲೇ ತಿಳಿದುಕೊಳ್ಳಿ. ಟೈರಿಗೆ ಎಂದಿಗಿಂತ 5ರಿಂದ 8 ಪಿಎಸ್‌ಐ ಹೆಚ್ಚು ಗಾಳಿ ತುಂಬಿಸಿ, ಹದಿನೈದು ದಿನಕ್ಕೊಮ್ಮೆ ಗಾಡಿಯನ್ನು ಸ್ವಲ್ಪ ಜರುಗಿಸಿ.

ಪೈಪ್ ಹಾಕಿದ ಮೂರನೆಯ ವಾರ, ಕಲ್ಲು ಹಾಸುವ ಮೊದಲು, ಹಾಳೆಯ ಪರೀಕ್ಷೆಯನ್ನು ಮತ್ತೊಮ್ಮೆ ನಾಲ್ಕೂ ಕಡೆ ಮಾಡಿದೆ. ಮೂರು ಕಡೆ ಹಾಳೆಯ ಅಡಿ ಒಣಗಿತ್ತು. ಎಡ ಹಿಂಚಕ್ರದ ಜಾಗದಲ್ಲಿ ಇನ್ನೂ ಐದಾರು ಹನಿಗಳಿದ್ದವು. ಆ ಮೂಲೆಗೆ ಮಾತ್ರ ಜೆಲ್ಲಿಯನ್ನು ಎರಡು ಇಂಚು ಹೆಚ್ಚು ಹಾಕಿಸಿದೆ. ಈಗಲೂ ತಿಂಗಳಿಗೊಮ್ಮೆ ಜಾಕ್ ಕೊಟ್ಟು ಮೊದಲು ತಿರುಗಿಸಿ ನೋಡುವುದು ಆ ಚಕ್ರವನ್ನೇ.